ನೋವು ಗೊತ್ತಾಗದ ಪಾದ: ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆ

ಸಕ್ಕರೆ ಕಾಯಿಲೆಯಿಂದ ಬೆರಳನ್ನೋ ಪಾದವನ್ನೋ ಕಳೆದುಕೊಂಡವರನ್ನು "ಶುರುವಾಗಿದ್ದು ಹೇಗೆ" ಎಂದು ಕೇಳಿದರೆ ಸಿಗುವ ಉತ್ತರ ಬಹುತೇಕ ಸಣ್ಣದು. ಹೊಸ ಚಪ್ಪಲಿ ಉಜ್ಜಿ ಎದ್ದ ಬೊಬ್ಬೆ, ಉಗುರು ತೆಗೆಯುವಾಗ ತಾಗಿದ ಬ್ಲೇಡು, ತುಳಿದದ್ದೇ ಗೊತ್ತಾಗದ ಮುಳ್ಳು. ಗಾಯ ದೊಡ್ಡದಾಗಿರಲಿಲ್ಲ, ನೋಯಲಿಲ್ಲ, ಹಾಗಾಗಿ ಅದರ ಮೇಲೇ ನಡೆದರು. ಕೆಟ್ಟದ್ದು ಅಲ್ಲಿ.

ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೆ ಪಾದದಲ್ಲಿ ಮೂರು ಬಗೆಯ ನರಗಳು ಕೆಡುತ್ತವೆ. ಸ್ಪರ್ಶದ ನರ ಕೆಟ್ಟರೆ ನೋವು, ಬಿಸಿ, ಒತ್ತಡ ತಿಳಿಯುವುದಿಲ್ಲ. ಸ್ನಾಯುಗಳನ್ನು ನಡೆಸುವ ನರ ಕೆಟ್ಟರೆ ಬೆರಳುಗಳು ಮಡಚಿಕೊಂಡು ಮೇಲೇಳುತ್ತವೆ. ಬೆರಳ ಬುಡದ ಮೂಳೆಗಳು ಅಂಗಾಲಿನ ಕಡೆಗೆ ಚಾಚಿ, ಮೈಭಾರವೆಲ್ಲ ಆ ಒಂದೆರಡು ಗಂಟುಗಳ ಮೇಲೆ ಬೀಳುತ್ತದೆ. ಬೆವರಿನ ನರ ಕೆಟ್ಟರೆ ಚರ್ಮ ಒಣಗಿ ಸೀಳುತ್ತದೆ. ಇದರ ಜೊತೆಗೆ ಕಾಲಿಗೆ ರಕ್ತ ಒಯ್ಯುವ ನಾಳಗಳೂ ಕಿರಿದಾಗಿದ್ದರೆ, ಆದ ಗಾಯ ಮಾಯುವುದಿಲ್ಲ. ಹೀಗಾಗಿ ಅಂಗಾಲಿನ ಹುಣ್ಣಿಗೆ ಮುಲಾಮು ಹುಡುಕುವುದಕ್ಕಿಂತ ಅಲ್ಲಿ ಬೀಳುತ್ತಿರುವ ಭಾರವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ.

ಸ್ಪರ್ಶ ಉಳಿದಿದೆಯೇ: ಮನೆಯಲ್ಲೇ ನೋಡುವ ಕ್ರಮ

ಇದಕ್ಕೆ ಯಾವ ಉಪಕರಣವೂ ಬೇಡ, ಇನ್ನೊಬ್ಬರ ತೋರುಬೆರಳು ಸಾಕು. ಕಾಯಿಲೆಯವರು ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ನೋಡುವವರು ಮೊದಲು ಎರಡೂ ಕಾಲನ್ನು ಮುಟ್ಟಿ ಯಾವುದು ಬಲ, ಯಾವುದು ಎಡ ಎಂದು ಖಚಿತ ಮಾಡಿಕೊಳ್ಳಲಿ. ಇಲ್ಲದಿದ್ದರೆ ಉತ್ತರ ಗೊಂದಲವಾಗುತ್ತದೆ. ಆಮೇಲೆ ಬಲಗಾಲಿನ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು, ಹೀಗೆ ಆರು ಬೆರಳ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಗೊತ್ತಾದಾಗ "ಬಲ" ಅಥವಾ "ಎಡ" ಎನ್ನಬೇಕು. ಒತ್ತಬಾರದು, ತಟ್ಟಬಾರದು, ಸವರಬಾರದು. ಗೊತ್ತಾಗಲಿಲ್ಲವೆಂದು ಅದೇ ಬೆರಳನ್ನು ಎರಡನೇ ಸಲ ಮುಟ್ಟುವುದೂ ಬೇಡ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಗ್ಗಿದೆ ಎಂದೇ ತಿಳಿದು, ಕೆಳಗೆ ಹೇಳಿದ್ದನ್ನೆಲ್ಲ ಅಂದಿನಿಂದಲೇ ಶುರುಮಾಡಿ.

ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ನೋಡುತ್ತಾರೆ. ಎಳೆ ಬಾಗುವಷ್ಟು ಒತ್ತಿದಾಗ ಚರ್ಮದ ಮೇಲೆ ಬೀಳುವ ಬಲ 10 ಗ್ರಾಂ. ಅದೂ ತಿಳಿಯದ ಪಾದಕ್ಕೆ ಹುಣ್ಣಾಗುವ ಅಪಾಯ ಹೆಚ್ಚು. 128 ಹರ್ಟ್ಸ್‌ನ ಕಂಪನ ಕವೆಯನ್ನು ಹೆಬ್ಬೆರಳ ಮೂಳೆಗೆ ಹಿಡಿದು ಕಂಪನ ತಿಳಿಯುತ್ತದೆಯೇ ಎಂದೂ ನೋಡುತ್ತಾರೆ. ಸ್ಪರ್ಶ ಮತ್ತು ರಕ್ತಸಂಚಾರ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಎರಡೂ ಕೆಟ್ಟಿದ್ದರೆ ಅಥವಾ ಪಾದದ ಆಕಾರವೂ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಸ್ಪರ್ಶವೋ ರಕ್ತಸಂಚಾರವೋ ಕೆಟ್ಟಿರುವುದರ ಮೇಲೆ ಹಿಂದೆ ಹುಣ್ಣಾಗಿತ್ತು ಅಥವಾ ಬೆರಳು ತೆಗೆದಿದ್ದಾರೆ ಎಂದಾದರೆ ಒಂದರಿಂದ ಮೂರು ತಿಂಗಳಿಗೊಮ್ಮೆ.

"ನನಗೆ ಪಾದ ಉರಿಯುತ್ತದೆ, ಅಂದರೆ ಸ್ಪರ್ಶ ಚೆನ್ನಾಗಿಯೇ ಇದೆ" ಎಂದು ನಂಬುವವರಿದ್ದಾರೆ. ಹಾಗಲ್ಲ. ರಾತ್ರಿ ಉರಿ, ಜುಮುಜುಮು, ಸೂಜಿ ಚುಚ್ಚಿದ ಅನುಭವ ಇವೆಲ್ಲ ಕೆಡುತ್ತಿರುವ ನರದ ಲಕ್ಷಣಗಳು. ಉರಿಯೂ ಇದ್ದು ಸ್ಪರ್ಶವೂ ಇಲ್ಲದಿರಬಹುದು. ಬಹುಕಾಲದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಬಿ12 ಕೊರತೆಯಿಂದಲೂ ಇಂಥದೇ ತೊಂದರೆ ಬರುತ್ತದೆ. ಅದನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ದಿನದ ನೋಟ

ಸಂಜೆ ಕಾಲು ತೊಳೆಯುವ ಹೊತ್ತೇ ಇದಕ್ಕೆ ಸರಿ, ಏಕೆಂದರೆ ಅಂದಿನ ಓಡಾಟದ ಏಟೆಲ್ಲ ಆಗ ಕಾಣುತ್ತದೆ. ಒಳ್ಳೆಯ ಬೆಳಕಿನಲ್ಲಿ ಕೂತು ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ, ಬೆರಳ ತುದಿ, ಪ್ರತಿ ಎರಡು ಬೆರಳ ಸಂದು ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಪಾದವನ್ನು ಅದರ ಮೇಲೆ ಹಿಡಿಯಲಿ, ಅಥವಾ ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆಸಲಿ. ಕಣ್ಣು ಮಂಜಾಗಿದ್ದರೆ ಸ್ವತಃ ನೋಡಿ ಪ್ರಯೋಜನವಿಲ್ಲ, ಮನೆಯವರೇ ನೋಡಬೇಕು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಯನ್ನೂ ಕೆಡಿಸುವುದರಿಂದ ಇದು ಅಪರೂಪದ ಮಾತೇನಲ್ಲ.

ಹುಡುಕಬೇಕಾದ್ದು: ಕೆಂಪು, ಬೊಬ್ಬೆ, ಸೀಳು, ಬಣ್ಣ ಬದಲಾದ ಉಗುರು, ಸಂದಿನಲ್ಲಿ ಬೆಳ್ಳಗೆ ನೆನೆದ ಚರ್ಮ, ಕಾಲುಚೀಲದಲ್ಲಿ ಕಲೆ. ಅಂಗಾಲಿನ ದಡ್ಡುಗಟ್ಟಿದ ಚರ್ಮದೊಳಗೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಅದು ಕೊಳೆಯಲ್ಲ, ಒಳಗೆ ರಕ್ತ ಒಸರಿದ ಗುರುತು. ಅಲ್ಲಿ ಹುಣ್ಣು ಆಗಲೇ ಶುರುವಾಗಿರಬಹುದು. ಆ ವಾರವೇ ತೋರಿಸಿ.

ಎರಡೂ ಪಾದಗಳ ಒಂದೇ ಜಾಗವನ್ನು ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ ಹೋಲಿಸುವ ಅಭ್ಯಾಸವೂ ಇರಲಿ. ಚರ್ಮಕ್ಕೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಒಂದು ಜಾಗ ಇನ್ನೊಂದು ಕಾಲಿನ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದು, ಮರುದಿನವೂ ಹಾಗೇ ಇದ್ದರೆ ಓಡಾಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಚರ್ಮ ಒಡೆಯುವ ಮುಂಚೆಯೇ ಒಳಗಿನ ಉರಿಯೂತ ಹೀಗೆ ಸುಳಿವು ಕೊಡುತ್ತದೆ.

ತೊಳೆಯುವುದು, ಒರೆಸುವುದು

ನೀರು 37 ಡಿಗ್ರಿಗಿಂತ ಬಿಸಿ ಇರಬಾರದು. ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈ ಅದ್ದಿ ನೋಡಿ. ಹಂಡೆಯ ನೀರು ಬೆರೆಸುವ ಮನೆಗಳಲ್ಲಿ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬಕೆಟ್ಟಿನಲ್ಲಿ ಉಪ್ಪುನೀರು ಹಾಕಿ ಅರ್ಧ ಗಂಟೆ ಕಾಲಿಟ್ಟುಕೊಂಡು ಕೂರುವುದು ಹಿತವೆನಿಸಬಹುದು. ಆದರೆ ಅದರಿಂದ ಚರ್ಮ ಮೆತ್ತಗಾಗಿ ಸಂದುಗಳು ಒಡೆಯುತ್ತವೆ, ಬಿಸಿ ಹೆಚ್ಚಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ತೊಳೆದ ಮೇಲೆ ಬೆರಳ ಸಂದುಗಳನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒಂದೊಂದಾಗಿ ಒತ್ತಿ ಒರೆಸಿ.

ಒಣ ಚರ್ಮಕ್ಕೆ 10 ಪರ್ಸೆಂಟ್ ಯೂರಿಯಾ ಕ್ರೀಮ್ ಅಥವಾ ವ್ಯಾಸಲೀನ್. ಎರಡೂ ಇಲ್ಲದಿದ್ದರೆ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಯಾವುದನ್ನೂ ಬೆರಳ ಸಂದಿಗೆ ಹಚ್ಚಬಾರದು. ಎಣ್ಣೆ ಹಚ್ಚಿದ ಕಾಲಲ್ಲಿ ಹೆಂಚಿನ ನೆಲದ ಮೇಲೆ ಜಾರಿ ಬೀಳುವವರು ಕಡಿಮೆಯಲ್ಲ, ಮೇಲೆ ಕಾಲುಚೀಲ ಹಾಕಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ, ಗದ್ದೆ ಕೆಲಸದವರಲ್ಲಿ ಸಂದಿನ ಚರ್ಮ ಬೆಳ್ಳಗಾಗಿ ತುರಿಸಿ ಒಡೆಯುವುದು ಸಾಮಾನ್ಯ. ಅದು ಬೂಷ್ಟಿನ ಸೋಂಕು, ಒಳಗೆ ಬ್ಯಾಕ್ಟೀರಿಯಾ ನುಗ್ಗಲು ದಾರಿ. 1 ಪರ್ಸೆಂಟ್ ಕ್ಲೋಟ್ರಿಮಜೋಲ್ ಕ್ರೀಮನ್ನು ದಿನಕ್ಕೆ ಎರಡು ಸಲ ತೆಳುವಾಗಿ ನಾಲ್ಕು ವಾರ ಹಚ್ಚಬೇಕು. ಸಂದಿಗೆ ಏನೂ ಹಚ್ಚಬಾರದೆಂಬ ಮಾತಿಗೆ ಈ ಔಷಧಿಯೊಂದೇ ಅಪವಾದ. ವಾರದಲ್ಲಿ ತುರಿಕೆ ನಿಂತಿತೆಂದು ಬಿಟ್ಟರೆ ಮರಳಿ ಬರುತ್ತದೆ. ಅಂಗಡಿಯಲ್ಲಿ ಕೇಳಿ ತರುವ "ತುರಿಕೆ ಮುಲಾಮು"ಗಳಲ್ಲಿ ಅನೇಕವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅವು ತುರಿಕೆ ಅಡಗಿಸಿ ಬೂಷ್ಟನ್ನು ಬೆಳೆಸುತ್ತವೆ.

ಉಗುರು, ಆಣಿ, ಹಿಮ್ಮಡಿ

ಉಗುರನ್ನು ಸ್ನಾನದ ನಂತರ, ಮೆತ್ತಗಿರುವಾಗ, ನೇರವಾಗಿ ಅಡ್ಡಕ್ಕೆ ಕತ್ತರಿಸಿ, ಒಂದೆರಡು ಮಿಲಿಮೀಟರ್ ಉಳಿಸಿ, ಮೂಲೆಯ ಚೂಪನ್ನು ಅರದಿಂದ ತೇಯ್ದುಬಿಡಿ. ಮೂಲೆಗೆ ಕತ್ತರಿ ಇಳಿಸಿದರೆ ಉಗುರು ಬೆಳೆಯುತ್ತ ಮಾಂಸಕ್ಕೆ ಚುಚ್ಚುತ್ತದೆ. ಬ್ಲೇಡು ಬೇಡ. ಸ್ಪರ್ಶವಿಲ್ಲದವರು, ಕಣ್ಣು ಕಾಣದವರು, ಉಗುರು ದಪ್ಪಗಟ್ಟಿದವರು ತಾವೇ ತೆಗೆಯದಿರುವುದು ಮೇಲು.

ಆಣಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್‌ನಲ್ಲಿರುವುದು 40 ಪರ್ಸೆಂಟ್‌ನಷ್ಟು ಸ್ಯಾಲಿಸಿಲಿಕ್ ಆಸಿಡ್. ಅದಕ್ಕೆ ಆಣಿ ಯಾವುದು, ಸುತ್ತಲಿನ ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ. ನೋವು ತಿಳಿಯುವವರು ಉರಿದಾಗ ಕಿತ್ತೆಸೆಯುತ್ತಾರೆ. ತಿಳಿಯದವರಲ್ಲಿ ಅದು ಮಾಂಸದವರೆಗೆ ಕೊರೆಯುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಮುಟ್ಟಲೇಬಾರದು. ಆಣಿ ಮತ್ತು ದಡ್ಡನ್ನು ಪಾದ ಚಿಕಿತ್ಸೆ ಬಲ್ಲವರು ಸರ್ಜಿಕಲ್ ಬ್ಲೇಡಿನಿಂದ ಪದರಪದರವಾಗಿ ಹೆರೆಯುತ್ತಾರೆ; ಅದರಿಂದಲೇ ಆ ಜಾಗದ ಒತ್ತಡ ಗಣನೀಯವಾಗಿ ಇಳಿಯುತ್ತದೆ. ಚಪ್ಪಲಿ ಬದಲಿಸದಿದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆಂಬುದೂ ಗೊತ್ತಿರಲಿ.

ಹಿಮ್ಮಡಿ ಒಡಕಿಗೆ ಮೇಣ ಕಾಯಿಸಿ ಬಿಸಿಬಿಸಿಯಾಗಿ ಸುರಿಯುವ ಪದ್ಧತಿ ಕೈಬಿಡಿ. 20ರಿಂದ 25 ಪರ್ಸೆಂಟ್ ಯೂರಿಯಾ ಕ್ರೀಮ್ ದಿನಕ್ಕೆರಡು ಸಲ ಹಚ್ಚಿ, ಹಿಮ್ಮಡಿ ಮುಚ್ಚುವ ಚಪ್ಪಲಿ ಹಾಕಿದರೆ ಕೆಲವು ವಾರಗಳಲ್ಲಿ ಕೂಡುತ್ತದೆ. ಆದರೆ ರಕ್ತ ಒಸರುವ ಸೀಳು ಗಾಯವೇ. ಅದಕ್ಕೆ ಯೂರಿಯಾ ಹಚ್ಚುವಂತಿಲ್ಲ.

ಚಪ್ಪಲಿ

ಎಲ್ಲಕ್ಕಿಂತ ಹೆಚ್ಚು ಹುಣ್ಣು ತಪ್ಪಿಸುವುದು ಇದು. ಎಲ್ಲಕ್ಕಿಂತ ಕಡಿಮೆ ಯೋಚಿಸಿ ಕೊಳ್ಳುವುದೂ ಇದನ್ನೇ. ಹವಾಯಿ ಚಪ್ಪಲಿಯಲ್ಲಿ ಮೂರು ದೋಷಗಳಿವೆ. ಹೆಬ್ಬೆರಳ ಸಂದಿನ ಬಾರು ಅಲ್ಲಿಯ ಚರ್ಮವನ್ನು ಕೊಯ್ಯುತ್ತದೆ. ಚಪ್ಪಲಿ ಹಿಡಿದುಕೊಳ್ಳಲು ಬೆರಳುಗಳು ಸದಾ ಮಡಚಿಕೊಂಡಿರಬೇಕಾಗುತ್ತದೆ. ಹಿಂದೆ ಪಟ್ಟಿ ಇಲ್ಲದ್ದರಿಂದ ಅದು ಕಳಚಿಬಿದ್ದರೂ ಸ್ಪರ್ಶವಿಲ್ಲದವರಿಗೆ ತಿಳಿಯದೆ ಬರಿಗಾಲಲ್ಲಿ ನಡೆದು ಹೋಗುತ್ತಾರೆ.

ಬೇಕಾದ್ದು ಎಂಸಿಆರ್ ಚಪ್ಪಲಿ, ಅಂದರೆ ಒಳಗೆ ಸಣ್ಣ ಗಾಳಿಕೋಶಗಳಿರುವ ಮೆತ್ತನೆಯ ಮೈಕ್ರೋ ಸೆಲ್ಯುಲಾರ್ ರಬ್ಬರಿನ ಅಟ್ಟೆಯದು. ಇದು ಬೆಳೆದುಬಂದದ್ದು ದಕ್ಷಿಣ ಭಾರತದ ಕುಷ್ಠರೋಗದ ಆಸ್ಪತ್ರೆಗಳಲ್ಲಿ. ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗಾಣುವಿನಿಂದಲ್ಲ, ನೋವು ತಿಳಿಯದೆ ಆಗುವ ಪೆಟ್ಟಿನಿಂದ ಎಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟ ತಿಳಿವೇ ಇಂದಿನ ಮಧುಮೇಹ ಪಾದ ಚಿಕಿತ್ಸೆಗೂ ಬುನಾದಿ.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಒಳಪದರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿದರೆ ಸುಮಾರು ಅರ್ಧದಷ್ಟು ಕುಗ್ಗಿ, ಬಿಟ್ಟೊಡನೆ ಮೊದಲಿನಂತಾಗಬೇಕು. ಕುಗ್ಗದಿದ್ದರೆ ಹೆಸರಿಗಷ್ಟೇ ಎಂಸಿಆರ್. ಕೆಳಗೆ ಗಟ್ಟಿ ರಬ್ಬರಿನ ಅಟ್ಟೆ ಬೇರೆ ಇರಬೇಕು, ಇಲ್ಲವಾದರೆ ಜಾಲಿಮುಳ್ಳು ನೇರ ಒಳಬರುತ್ತದೆ. ಹಿಂಬದಿ ಪಟ್ಟಿ ಕಡ್ಡಾಯ, ಮುಂದಿನ ಪಟ್ಟಿಗಳು ವೆಲ್‌ಕ್ರೋ ಆಗಿದ್ದರೆ ಊತಕ್ಕೆ ತಕ್ಕಂತೆ ಸಡಿಲಿಸಬಹುದು. ಮೊಳೆ ಹೊಡೆದು ಮಾಡಿದ್ದು ಬೇಡ, ಅಂಟು ಮತ್ತು ಹೊಲಿಗೆಯದಾಗಿರಲಿ. ರಿಪೇರಿಗೆ ಕೊಟ್ಟಾಗಲೂ ಮೊಳೆ ಹೊಡೆಯಬೇಡಿ ಎಂದು ಹೇಳಿ. ಶೂ ಕೊಳ್ಳುವುದಾದರೆ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಬೇಕು, ಮಡಚಿದ ಬೆರಳು ಮೇಲೆ ತಾಗದಷ್ಟು ಎತ್ತರವಿರಬೇಕು.

ಅಳತೆಯ ವಿಷಯದಲ್ಲಿ ಒಂದು ಮೋಸವಿದೆ. ಸ್ಪರ್ಶ ಕುಗ್ಗಿದವರಿಗೆ ಸರಿಯಾದ ಅಳತೆಯ ಪಾದರಕ್ಷೆ ಸಡಿಲ ಎನಿಸುತ್ತದೆ, ಬಿಗಿಯಾದದ್ದೇ ಹಿತವೆನಿಸುತ್ತದೆ. ಆದ್ದರಿಂದ ಅನುಭವವನ್ನು ನಂಬದೆ ಕಾಗದವನ್ನು ನಂಬಿ. ಸಂಜೆ, ಪಾದ ಸ್ವಲ್ಪ ಊದಿರುವಾಗ, ದಪ್ಪ ಕಾಗದದ ಮೇಲೆ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಸಿ. ಕತ್ತರಿಸಿದ ಆಕಾರವನ್ನು ಅಂಗಡಿಯಲ್ಲಿ ಶೂ ಒಳಗೆ ಇಟ್ಟು ನೋಡಿ. ಅಂಚು ಮಡಚಿಕೊಂಡರೆ ಆ ಜೋಡಿ ಬೇಡ. ಎರಡು ಪಾದಗಳ ಅಳತೆ ಬೇರೆಯಿದ್ದರೆ ದೊಡ್ಡದಕ್ಕೆ ತಕ್ಕದ್ದು ಕೊಳ್ಳಿ.

ಹೊಸದನ್ನು ಮೊದಲ ದಿನ ಮನೆಯೊಳಗೆ ಅರ್ಧ ಗಂಟೆ ಮಾತ್ರ ಹಾಕಿ, ತೆಗೆದು ಪಾದ ನೋಡಿ. ಕೆಂಪಾಗಿದ್ದು 20 ನಿಮಿಷವಾದರೂ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಮಾಸಿದರೆ ದಿನಕ್ಕೆ ಅರ್ಧರ್ಧ ಗಂಟೆ ಏರಿಸಿ. ಪ್ರತಿ ಸಲ ತೊಡುವ ಮುನ್ನ ಶೂ ಕೊಡವಿ, ಒಳಗೆ ಕೈಯಾಡಿಸಿ, ಅಡಿಯನ್ನೂ ತಿರುಗಿಸಿ ನೋಡಿ. ಕಾಲುಚೀಲ ಹತ್ತಿಯದು, ತಿಳಿಬಣ್ಣದ್ದು ಇರಲಿ, ರಕ್ತ ಕೀವಿನ ಕಲೆ ಅದರಲ್ಲೇ ಕಾಣುತ್ತದೆ. ಹೊಲಿಗೆ ದಪ್ಪಗಿದ್ದರೆ ಒಳಮೈ ಹೊರಗೆ ಮಾಡಿ ತೊಡಿ. ಎಂಸಿಆರ್ ಪದರ ಒತ್ತಿದರೂ ಮೇಲೇಳದಷ್ಟು ಚಪ್ಪಟೆಯಾದ ಮೇಲೆ ಚಪ್ಪಲಿ ಎಷ್ಟೇ ಹೊಸದಾಗಿ ಕಂಡರೂ ಬದಲಿಸಬೇಕು. ಕಾಲುಂಗುರ ತೊಡುವವರು ಬೆರಳು ಊದಿದ ದಿನ ಅದನ್ನು ತೆಗೆದಿಡಿ. ಊತ ಹೆಚ್ಚಾದ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಬರಿಗಾಲಿನ ಜಾಗಗಳು

ಮನೆಯೊಳಗೂ ಚಪ್ಪಲಿ ಬೇಕು, ಅದಕ್ಕೆಂದೇ ಒಂದು ಜೋಡಿ ಬೇರೆ ಇಡಿ. ಹಿರಿಯರು ಒಪ್ಪುವುದಿಲ್ಲ, ನಿಜ. ಹೊರಗೆ ತೊಡದ ಜೋಡಿ ಎಂದರೆ ಬಹಳಷ್ಟು ಮನೆಗಳಲ್ಲಿ ತಕರಾರು ತಣ್ಣಗಾಗುತ್ತದೆ.

ದೇವಸ್ಥಾನಕ್ಕೆ ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗಿನ ಪೂಜೆಗೆ ಹೋಗಿ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಒಂದು ಪ್ರದಕ್ಷಿಣೆ ಹಾಕಿದರೆ ಸ್ಪರ್ಶವಿಲ್ಲದ ಅಂಗಾಲು ಬೊಬ್ಬೆಯೇಳುತ್ತದೆ. ದಪ್ಪ ಹತ್ತಿ ಕಾಲುಚೀಲ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಶಬರಿಮಲೆಗೆ ಮಾಲೆ ಹಾಕಿ ಬರಿಗಾಲಲ್ಲಿರುವುದು, ಶಿವರಾತ್ರಿಗೆ ಚಾರ್ಮಾಡಿ ಘಾಟಿಯಿಳಿದು ಧರ್ಮಸ್ಥಳಕ್ಕೆ ನಡೆಯುವುದು, ಹಳೇ ಮೈಸೂರಿನ ಊರಹಬ್ಬಗಳಲ್ಲಿ ಕೊಂಡ ಹಾಯುವುದು, ಇವುಗಳಲ್ಲಿ ಸ್ಪರ್ಶ ಹೋದವರಿಗೆ ಕೊಂಡವಂತೂ ಖಂಡಿತ ಬೇಡ. ಪಾದಯಾತ್ರೆಯನ್ನು ಶೂ ಹಾಕಿ, ದಿನಕ್ಕೆರಡು ಸಲ ಪಾದ ನೋಡಿಕೊಂಡು ಮಾಡಬಹುದು. ಹರಕೆಯನ್ನು ಬೇರೆ ಸೇವೆಗೆ ಬದಲಿಸಿಕೊಳ್ಳಲು ಅರ್ಚಕರಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಸುಡುವ ಇತರ ಜಾಗಗಳು: ಬೈಕಿನ ಸೈಲೆನ್ಸರ್, ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟಿನ ಕಾಲಡಿ, ಚಳಿಗಾಲದ ಬಿಸಿನೀರ ಚೀಲ, ಬಚ್ಚಲೊಲೆಯ ಮುಂದೆ ಕಾಲು ಕಾಯಿಸುವುದು. ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಅಪಾಯವಿದೆ: ರಾತ್ರಿ ಇಲಿ ಬೆರಳ ತುದಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಕೇಳಲು ವಿಚಿತ್ರ, ಆದರೆ ನಮ್ಮ ದೇಶದ ಪಾದ ಚಿಕಿತ್ಸಾಲಯಗಳಿಗೆ ಹೊಸತಲ್ಲ. ಮಂಚ, ಸೊಳ್ಳೆಪರದೆ, ಕಾಲುಚೀಲ ಮೂರೂ ಸಹಾಯಕ.

ಗಾಯವಾದರೆ

ಮೊದಲು ಕೂತುಕೊಳ್ಳಿ. ಹರಿಯುವ ಶುದ್ಧ ನೀರಿನಲ್ಲಿ ಅಥವಾ ಸಲೈನ್‌ನಲ್ಲಿ ತೊಳೆಯಿರಿ. ಸಲೈನ್ ಇಲ್ಲದಿದ್ದರೆ ಒಂದು ಲೀಟರ್ ನೀರು ಕುದಿಸಿ, ಒಂದೂವರೆ ಸಮತಟ್ಟು ಟೀ ಚಮಚ ಉಪ್ಪು ಕರಗಿಸಿ, ಆರಿಸಿ ಬಳಸಿ. ಉಳಿದದ್ದನ್ನು ಅಂದೇ ಚೆಲ್ಲಿ. ಒಣಗಿಸಿ, ಸ್ಟೆರೈಲ್ ಗಾಜ್ ಬಟ್ಟೆಯಿಟ್ಟು ಪೇಪರ್ ಟೇಪಿನಿಂದ ಹಿಡಿಸಿ. ಬೆರಳಿನ ಸುತ್ತ ಪೂರ್ತಿ ಟೇಪ್ ಸುತ್ತಬೇಡಿ, ಊದಿದಾಗ ಅದೇ ರಕ್ತ ಕಟ್ಟುತ್ತದೆ. ಬೊಬ್ಬೆ ಒಡೆಯಬೇಡಿ. ಧನುರ್ವಾಯು ಚುಚ್ಚುಮದ್ದು ಯಾವಾಗ ತೆಗೆದುಕೊಂಡದ್ದು ಎಂದು ವೈದ್ಯರಿಗೆ ಹೇಳಿ.

ಅರಿಶಿನ, ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ, ಟೂತ್‌ಪೇಸ್ಟ್ ಯಾವುದೂ ಬೇಡ. ಪುಡಿ ಗಟ್ಟಿಕಟ್ಟಿ ಗಾಯದ ಆಳ, ಬಣ್ಣ ಕಾಣದಂತೆ ಮಾಡುತ್ತದೆ, ಕೀವು ಅದರಡಿ ಹೊರದಾರಿಯಿಲ್ಲದೆ ಮಾಂಸದೊಳಕ್ಕೆ ಹರಡುತ್ತದೆ. ನೀರು ಬೆರೆಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ರೋಗಾಣುವಿನ ಜೊತೆ ಹೊಸದಾಗಿ ಚಿಗುರುವ ಮಾಂಸವನ್ನೂ ಸುಡುತ್ತವೆ.

ಸ್ಪರ್ಶವಿಲ್ಲದ ಪಾದದಲ್ಲಿ ಚರ್ಮ ಒಡೆದರೆ 24 ಗಂಟೆಯೊಳಗೆ ತೋರಿಸಬೇಕು. ಗಾಯದ ಸುತ್ತ ಕೆಂಪು 2 ಸೆಂಟಿಮೀಟರ್ ದಾಟಿದ್ದರೆ, ಕೆಟ್ಟ ವಾಸನೆ, ಕೀವು, ಜ್ವರ, ಚಳಿ ಇದ್ದರೆ, ಇನ್ಸುಲಿನ್ ಬದಲಾಗದೆಯೂ ಸಕ್ಕರೆ ಏಕಾಏಕಿ ಏರಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದುಕೊಂಡರೆ ಹರಡುವ ವೇಗ ವೈದ್ಯರಿಗೆ ತಿಳಿಯುತ್ತದೆ.

ಒಳ್ಳೆಯ ಚಿಕಿತ್ಸಾಲಯದಲ್ಲಿ ಗಾಯದೊಳಗೆ ಸಪೂರ ಲೋಹದ ಕಡ್ಡಿ ಇಳಿಸಿ ಮೂಳೆ ತಾಗುತ್ತದೆಯೇ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಸತ್ತ ಮಾಂಸ ಮತ್ತು ಸುತ್ತಲಿನ ದಡ್ಡನ್ನು ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿ ಕಂಡರೆ ಗಾಬರಿ ಬೇಡ, ಅದರ ನಿಜವಾದ ಅಳತೆ ಅದೇ. ಸೋಂಕಿಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಬೇಕಿಲ್ಲ. ಅದು ಹುಣ್ಣನ್ನು ಬೇಗ ಮಾಯಿಸುವುದಿಲ್ಲ.

ಅಂಗಾಲಿನ ಹುಣ್ಣಿಗೆ ಭಾರ ತೆಗೆಯುವ ಅತ್ಯುತ್ತಮ ವಿಧಾನ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್, ಅಂದರೆ ಪಾದ ಮತ್ತು ಮೀನಖಂಡಕ್ಕೆ ಅಂಟಿ ಕೂರುವ, ಮೊಣಕಾಲ ಕೆಳಗಿನವರೆಗಿನ ಪ್ಲಾಸ್ಟರ್. ಇದೂ ಕುಷ್ಠರೋಗ ಚಿಕಿತ್ಸೆಯಿಂದ ಬಂದದ್ದೇ. ಪಾದಕ್ಕೆ ಬೀಳುವ ಭಾರವನ್ನು ಅಂಗಾಲಿಗೆಲ್ಲ ಹಂಚಿ, ಒಂದಷ್ಟನ್ನು ಮೀನಖಂಡದ ಗೋಡೆಗೆ ದಾಟಿಸುತ್ತದೆ. ಒಂದೆರಡು ವಾರಕ್ಕೊಮ್ಮೆ ಬದಲಿಸುತ್ತಾರೆ. ಬಿಚ್ಚಬಲ್ಲ ಬೂಟಿಗಿಂತ ಇದು ಮೇಲೇಕೆಂದರೆ ಬಿಚ್ಚಲಾಗುವುದಿಲ್ಲ. ಬೂಟು ಪಡೆದವರು ಆಸ್ಪತ್ರೆಗೆ ಬರುವಾಗ ತೊಟ್ಟು, ಮನೆಯಲ್ಲಿ ಬಿಚ್ಚಿಟ್ಟು ಬಚ್ಚಲು, ಅಡುಗೆಮನೆ ಓಡಾಡುತ್ತಾರೆ; ಹುಣ್ಣಿಗೆ ಆ ಹೆಜ್ಜೆಗಳೇ ಸಾಕು. ರಕ್ತಸಂಚಾರ ತೀರಾ ಕಡಿಮೆಯಿರುವವರಿಗೆ, ಸೋಂಕು ಆಳಕ್ಕಿಳಿದವರಿಗೆ ಈ ಪ್ಲಾಸ್ಟರ್ ಹಾಕುವುದಿಲ್ಲ. ಹುಣ್ಣಿನ ಸುತ್ತ ನಡುವೆ ತೂತಿರುವ ರಿಂಗ್ ಪ್ಯಾಡ್ ಮನೆಯಲ್ಲೇ ಕಟ್ಟಿಕೊಳ್ಳಬೇಡಿ, ಅಂಚಿನ ಒತ್ತಡದಿಂದ ಹುಣ್ಣು ಅಗಲವಾಗುತ್ತದೆ.

ವಾರಕ್ಕೊಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ನಾಲ್ಕು ವಾರದಲ್ಲಿ ಹುಣ್ಣಿನ ವಿಸ್ತಾರ ಅರ್ಧಕ್ಕಾದರೂ ಇಳಿಯದಿದ್ದರೆ ಚಿಕಿತ್ಸೆಯಲ್ಲಿ ಏನೋ ಬಿಟ್ಟುಹೋಗಿದೆ: ಭಾರ, ರಕ್ತಸಂಚಾರ, ಮೂಳೆಯ ಸೋಂಕು, ಇವನ್ನು ಮತ್ತೆ ನೋಡಿಸಿ. ಮಾಯ್ದ ಮೇಲೂ ಸುಮಾರು ಶೇ 40 ಮಂದಿಯಲ್ಲಿ ವರ್ಷದೊಳಗೆ ಹುಣ್ಣು ಮರುಕಳಿಸುತ್ತದೆ. ಹಳೆಯ ಚಪ್ಪಲಿಗೆ ಮರಳುವುದು ಇದಕ್ಕೊಂದು ದೊಡ್ಡ ಕಾರಣ.

ಬಿಸಿಯಾಗಿ ಊದಿದ ಪಾದ, ತಣ್ಣಗಾದ ಪಾದ

ಗಾಯವೇ ಇಲ್ಲದೆ ಒಂದು ಪಾದ ಊದಿ, ಕೆಂಪಾಗಿ, ಬಿಸಿಯಾಗಿ, ನೋವು ಅಷ್ಟಕ್ಕಷ್ಟೇ ಇದ್ದರೆ ಶಾರ್ಕೋ ಪಾದವಿರಬಹುದು. ಒಳಗೆ ಮೂಳೆಗಳು ಮೆತ್ತಗಾಗಿ ಮುರಿಯುತ್ತ, ಕೀಲು ಜಾರುತ್ತಿರುತ್ತವೆ. ಉಳುಕು, ಯೂರಿಕ್ ಆಸಿಡ್, ಸೋಂಕು ಎಂದು ತಪ್ಪು ತಿಳಿಯುವುದು ಬಹಳ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಏನೂ ಕಾಣದಿರಲೂಬಹುದು. ಮಲಗಿ ಕಾಲೆತ್ತಿ ಹಿಡಿದಾಗ ಕೆಂಪು ಕೆಲವು ನಿಮಿಷಗಳಲ್ಲಿ ಇಳಿದರೆ ಶಾರ್ಕೋ ಅನುಮಾನ ಬಲವಾಗುತ್ತದೆ. ಸೋಂಕಿನ ಕೆಂಪು ಹಾಗೆ ಇಳಿಯುವುದಿಲ್ಲ. ಅನುಮಾನ ಬಂದ ಕ್ಷಣದಿಂದ ಆ ಕಾಲೂರಬಾರದು, ಮಸಾಜ್ ಮಾಡಿಸಬಾರದು. ನಡೆದರೆ ಪಾದದ ಕಮಾನು ಕುಸಿದು ಅಂಗಾಲು ಹೊರಗುಬ್ಬುತ್ತದೆ, ಆಮೇಲೆ ಮೂಲ ಆಕಾರ ಬರುವುದಿಲ್ಲ. ತಿಂಗಳುಗಟ್ಟಲೆ ಪ್ಲಾಸ್ಟರ್ ಬೇಕಾಗುತ್ತದೆ.

ತಣ್ಣಗಿನ ಪಾದದ ಸಮಸ್ಯೆ ಬೇರೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವುದು, ಕಾಲಿನ ರೋಮ ಉದುರುವುದು, ಬೆರಳು ನೀಲಿ ಅಥವಾ ಕಪ್ಪಾಗುವುದು, ಇವೆಲ್ಲ ರಕ್ತನಾಳ ಕಿರಿದಾದ ಗುರುತು. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿ ನೋಡುವ ಎಬಿಐ ಪರೀಕ್ಷೆಯಲ್ಲಿ 0.9ಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಗಟ್ಟಿಯಾಗಿ ಸಂಖ್ಯೆ ಸುಳ್ಳಾಗಿ ಏರುವುದುಂಟು, 1.3 ದಾಟಿದರೆ "ಚೆನ್ನಾಗಿದೆ" ಎಂದು ತಿಳಿಯಬೇಡಿ, ರಕ್ತದ ಹರಿವು ನೋಡುವ ಡಾಪ್ಲರ್ ಅಥವಾ ಕಾಲ್ಬೆರಳಿನ ರಕ್ತದೊತ್ತಡದ ಪರೀಕ್ಷೆ ಕೇಳಿ. ಇಂಥ ಕಾಲಿಗೆ ಬಿಗಿ ಬ್ಯಾಂಡೇಜು, ಒತ್ತುವ ಸ್ಟಾಕಿಂಗ್ ಹಾಕುವಂತಿಲ್ಲ. ಬೀಡಿ ಸಿಗರೇಟು ಬಿಡದೆ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ಬೆರಳು ತೆಗೆಯಬೇಕು ಎಂದು ಹೇಳಿದ್ದರೆ, ಜೀವಕ್ಕೆ ಅಪಾಯವಾಗುವ ಸೋಂಕಿಲ್ಲದ ಪಕ್ಷದಲ್ಲಿ, ಮೊದಲು ರಕ್ತನಾಳ ತಜ್ಞರ ಅಭಿಪ್ರಾಯ ಪಡೆಯಿರಿ. ನಾಳ ತೆರೆಯದೆ ಬೆರಳು ತೆಗೆದರೆ ಆ ಗಾಯವೂ ಮಾಯುವುದಿಲ್ಲ.

ನಮ್ಮಲ್ಲಿ ಪಾದ ಚಿಕಿತ್ಸೆ ಬಹುತೇಕ ಸರ್ಜನ್‌ಗಳ ಮತ್ತು ಮಧುಮೇಹ ತಜ್ಞರ ಕೈಯಲ್ಲಿದೆ. "ಡಯಾಬಿಟಿಕ್ ಫುಟ್ ಕ್ಲಿನಿಕ್" ಎಂದು ಕೇಳಿದರೆ ದೊಡ್ಡ ಆಸ್ಪತ್ರೆಗಳಲ್ಲಿ ದಾರಿ ತೋರಿಸುತ್ತಾರೆ. ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಿಂದಲೂ ಶುರುಮಾಡಬಹುದು. ಹೋಗುವಾಗ ಔಷಧಿ ಚೀಟಿ, ಗಾಯದ ಫೋಟೋಗಳ ಜೊತೆಗೆ ದಿನವೂ ತೊಡುವ ಚಪ್ಪಲಿಯನ್ನೇ ತೊಟ್ಟು ಹೋಗಿ, ಮರ್ಯಾದೆಗೆಂದು ಹೊಸದನ್ನಲ್ಲ. ಒಳಗಿನ ಅಟ್ಟೆಯ ಮೇಲೆ ಎಲ್ಲಿ ಕುಳಿ ಬಿದ್ದಿದೆ, ಯಾವ ಪಕ್ಕ ಸವೆದಿದೆ ಎಂದು ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಎಂಬುದು ವೈದ್ಯರಿಗೆ ಅಲ್ಲೇ ತಿಳಿಯುತ್ತದೆ.